ಎರಡು ಚೀಲ, 4546 ಕಿಲೋ

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವಹಿವಾಟು ಜೋರು. ಸೀಜನ್ನಿನ ಅಂಥದ್ದೊಂದು ಸೋಮವಾರ ದಲಾಲಿ ಅಂಗಡಿಯ ಗುಮಾಸ್ತರು ಫೋನ್ ಮಾಡಿದರು. ಅವರ ಕಂಪ್ಯೂಟರ್ ನೋಡಿಕೊಳ್ಳುವವನು ನಾನೇ. "ಸರ, ಲಗೂನ ಬರ್ರಿ. ಎರಡು ಚೀಲ ತಂದ ರೈತಗ ನಾಲ್ಕೂವರಿ ಟನ್ನಿನ ಪಟ್ಟಿ ಬಂದೈತ್ರಿ."

ಹಾವೇರಿಯಿಂದ ಸೀನುತ್ತಲೇ ಹೋಗಿ ಮುಟ್ಟಿದೆ. ಒಂದು ಚೀಲ 45 ಕಿಲೋ, ಇನ್ನೊಂದು 46. ಪಟ್ಟಿ ಅಂದರೆ ರೈತನಿಗೆ ಕೊಡುವ ಮಾರಾಟದ ಬಿಲ್ಲು; ಅದರ ಒಟ್ಟು ತೂಕದ ಜಾಗದಲ್ಲಿ 4546. ಹಮಾಲರು ನಗುತ್ತಿದ್ದರು, ಸಾಹುಕಾರರು ನಗುತ್ತಿರಲಿಲ್ಲ. ಆದರೆ ಒಂದೇ ಚೀಲ ತಂದವರ ಪಟ್ಟಿಗಳೆಲ್ಲ ಸರಿಯಾಗಿದ್ದವು. ಸುಳಿವು ಸಿಕ್ಕಿದ್ದು ಅಲ್ಲೇ.

ತೂಕದ ಕಾಟಾದ ಪಕ್ಕದ ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆಯ ಪ್ರೋಗ್ರಾಂ, ಒಳಗೆ ಪಟ್ಟಿ ಮಾಡುವುದು ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯದು, ನಡುವೆ ಓಡಾಡುವುದು ಜೇಸನ್, ಅಂದರೆ ಮಾಹಿತಿಯನ್ನು ಪಠ್ಯವಾಗಿ ಬರೆದು ಕಳಿಸುವ ಒಂದು ಕ್ರಮ. ಕಾಟಾ ಕೇಬಲ್ಲಿನಲ್ಲಿ ಕಳಿಸುವುದು ಬರೀ ಅಕ್ಷರ. ಪೈಥಾನ್ ಅದನ್ನು ಹಾಗೆಯೇ ಮುಂದೆ ದಾಟಿಸಿತ್ತು. ಜೇಸನ್‌ನಲ್ಲಿ 45 ಅಂದರೆ ಸಂಖ್ಯೆ, "45" ಅಂದರೆ ಪಠ್ಯ. ಪಠ್ಯ ಸಿಕ್ಕರೆ ಜಾವಾಸ್ಕ್ರಿಪ್ಟ್ ಕೂಡಿಸುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ. ದರದಿಂದ ಗುಣಿಸುವಾಗ ಮಾತ್ರ ಅದೇ ಪಠ್ಯವನ್ನು ಸದ್ದಿಲ್ಲದೆ ಸಂಖ್ಯೆ ಮಾಡಿಕೊಳ್ಳುತ್ತದೆ. ಹಾಗಾಗಿ ಒಂದು ಚೀಲದವರು ಬಚಾವ್. ಪೈಥಾನಿನ sum ಆಗಿದ್ದರೆ ಮೊತ್ತವನ್ನು ಸೊನ್ನೆಯಿಂದ ಶುರುಮಾಡಿ, ಅದಕ್ಕೆ ಪಠ್ಯ ಕೂಡಿಸಲು ಹೋದಾಗಲೇ ತಕರಾರು ತೆಗೆಯುತ್ತಿತ್ತು. ನನಗೆ ಅದೇ ವಾಸಿ, ಜಗಳ ಬೇಗ ಆಗಿಹೋಗಲಿ.

ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗ ಹುಬ್ಬಳ್ಳಿಯಿಂದ ಫೋನಿನಲ್ಲೇ, "ಎಲ್ಲಾ ಫೀಲ್ಡ್ ಸಂಖ್ಯೆ ಮಾಡಿಬಿಡ್ರಿ" ಅಂದ. ಮಾಡಿದ್ದರೆ 0412ನೇ ಲಾಟು (ಟೆಂಡರಿಗಿಟ್ಟ ಮಾಲಿನ ರಾಶಿ) 412 ಆಗಿ ಟೆಂಡರ್ ಯಾದಿಯಲ್ಲಿ ಸಿಗುತ್ತಲೇ ಇರಲಿಲ್ಲ. ಜೇಸನ್ ಸಂಖ್ಯೆಯ ಮುಂದೆ ಸೊನ್ನೆ ಇಡಲು ಬಿಡುವುದೂ ಇಲ್ಲ. ಅವತ್ತಿಗೆ ತೂಕವನ್ನಷ್ಟೇ ಸಂಖ್ಯೆ ಮಾಡಿ, ಹಳೇ ಪಟ್ಟಿ ಹರಿದು ಹೊಸದು ಕೊಟ್ಟೆವು.

ಆಮೇಲೆ ಜೇಸನ್ ಬದಲು, ಯಾವ ಫೀಲ್ಡಿನಲ್ಲಿ ಏನಿರಬೇಕೆಂದು ಮೊದಲೇ ಬರೆದಿಟ್ಟು ಮಾಹಿತಿ ಕಳಿಸುವ, ಗೂಗಲ್ 2008ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ಪ್ರೋಟೋಬಫ್ ಹಾಕಿದೆ. ಲಾಟು ಪಠ್ಯ, ತೂಕ ಗ್ರಾಂ ಲೆಕ್ಕದಲ್ಲಿ ಪೂರ್ಣಾಂಕ ಎಂದು ಒಂದೇ ಫೈಲಿನಲ್ಲಿ ಬರೆದಿಟ್ಟರೆ ಎರಡೂ ಕಡೆಯ ಕೋಡ್ ಅದರಿಂದಲೇ ತಯಾರು. ಪೈಥಾನ್ ಕಡೆ ತೂಕದ ಜಾಗಕ್ಕೆ ಪಠ್ಯ ತುರುಕಿದರೆ ಅಲ್ಲೇ ಎರರ್.

ಅದಕ್ಕೂ ಒಂದು ಚಾಳಿ ಇದೆ. ಅದರ ಮೂರನೇ ಆವೃತ್ತಿ ಸೊನ್ನೆಯನ್ನು ಸಾಮಾನ್ಯವಾಗಿ ಕಳಿಸುವುದೇ ಇಲ್ಲ. ಬಾರದೇ ಇದ್ದದ್ದನ್ನು ಆಚೆ ಕಡೆ ಸೊನ್ನೆ ಎಂದೇ ಓದಿಕೊಳ್ಳುತ್ತದೆ. ಯಾರೂ ಟೆಂಡರ್ ಹಾಕದ ಲಾಟಿನ ಮುಂದೆ 0 ರೂಪಾಯಿ ಕಂಡ ಸಾಹುಕಾರರು, "ಪುಕ್ಕಟೆ ಕೊಟ್ಟಂಗಾತಲ್ಲೋ ತಮ್ಮಾ!" ಅಂದರು. ದರದ ಫೀಲ್ಡಿಗೆ 'ಆಪ್ಷನಲ್' ಅಂತ ಸೇರಿಸಿ, ದರ ಬಂದಿದೆಯೇ ಎಂದು ಮೊದಲು ನೋಡುವಂತೆ ಮಾಡಿದ ಮೇಲೆ ಆ ಜಾಗ ಖಾಲಿ ಬರತೊಡಗಿತು. ಲಾಟು ಮುಂದಿನ ಟೆಂಡರಿಗೆ ಹೋಯಿತು.