ಚೀಲ ಸುರಿದ ಸಂಜೆ

ಎಸ್ಸೆಸ್ಸೆಲ್ಸಿ ಹುಡುಗನೊಬ್ಬ ಸಂಜೆ ಪಾಠಕ್ಕೆ ಬರುತ್ತಾನೆ. ಮೊದಲ ದಿನ ಚೀಲವನ್ನು ಚಾಪೆ ಮೇಲೆ ಸುರಿಸಿದೆ. ಮುದುಡಿದ ಪ್ರಶ್ನೆಪತ್ರಿಕೆಗಳು, ಮುಚ್ಚಳವಿಲ್ಲದ ಪೆನ್ನು, ಒಂದೇ ನೋಟ್‌ಬುಕ್ಕಲ್ಲಿ ವಿಜ್ಞಾನವೂ ಸಮಾಜವೂ.

"ಎಲ್ಲರೂ ಸೋಮಾರಿ ಅಂತಾರೆ ಮಿಸ್" ಅಂದ. ನನಗೆ ಸಂಕಟವಾಯಿತು. ಆರು ವಿಷಯ, 625 ಅಂಕ. ಎಲ್ಲಿಂದ ಶುರು ಮಾಡಬೇಕೆಂದು ಯಾರಾದರೂ ತೋರಿಸಬೇಕು, ಅಲ್ವಾ?

ನೋಟ್‌ಬುಕ್‌ಗಳಿಗೆ ಬೇರೆ ಬೇರೆ ಬಣ್ಣದ ಬೈಂಡು ಹಾಕಿದೆವು. ಆಮೇಲೆ ದಿನದ ಕೆಲಸದ ಪಟ್ಟಿ. ಅದರಲ್ಲಿ ಸುಮ್ನೆ "ವಿಜ್ಞಾನ ಓದು" ಅಂತ ಬರೆದರೆ ಕೆಲಸ ಸಾಗುವುದಿಲ್ಲ. "ಓಮ್‌ನ ನಿಯಮ, ಎರಡು ಲೆಕ್ಕ" ಅಂತ ಬರೆಸಿದೆ. ಪಕ್ಕದಲ್ಲಿ ಅವನದೇ ಅಂದಾಜು: 10 ನಿಮಿಷ. ಹಿಡಿದದ್ದು 25. ಆ ವ್ಯತ್ಯಾಸವನ್ನು ಅವನೇ ನೋಡಿದ್ದು ನನಗೆ ಅಂಕಕ್ಕಿಂತ ಜಾಸ್ತಿ ಖುಷಿ ಕೊಟ್ಟಿತು.

ಈಗ ರಾತ್ರಿಯೇ ಚೀಲ ಜೋಡಿಸಿ ಬಾಗಿಲ ಬಳಿ ಇಡುತ್ತಾನಂತೆ. ನಿನ್ನೆ ನಾನು ಕೇಳುವ ಮೊದಲೇ ಜಾಮಿಟ್ರಿ ಬಾಕ್ಸ್ ತೆಗೆದಿಟ್ಟ.