ಎಕ್ಸ್‌ಪಿ ಇನ್ನೊಂದೇ ಸಲ ಬೂಟ್ ಆಗಬೇಕಿತ್ತು

ಯುಗಾದಿ ಹತ್ತಿರ ಬಂದಿತ್ತು. ಪಂಚಾಂಗದ ಕೊನೆ ಫಾರಂಗಳು ಇನ್ನೂ ಪ್ಲೇಟಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ನಮ್ಮ ಪ್ರೆಸ್ಸಿನ ಹಳೆ ವಿಂಡೋಸ್ ಎಕ್ಸ್‌ಪಿ ಮಷಿನ್ನಿನ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿತು. ಪುಟ ಕಟ್ಟುವ ಪೇಜ್‌ಮೇಕರ್ 7, ನುಡಿ, ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಲೈಸೆನ್ಸ್ ಕೀಲಿ) ಇಲ್ಲದೆ ತೆರೆಯದ ಇನ್ನೊಂದು ಕನ್ನಡ ಸಾಫ್ಟ್‌ವೇರ್, ಎಲ್ಲ ಅದರಲ್ಲೇ ಇದ್ದವು.

ಇದನ್ನು ವಿಎಂಗೆ, ಅಂದರೆ ಹೊಸ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲೇ ಓಡುವ ವರ್ಚುವಲ್ ಮಷಿನ್ನಿಗೆ ಹಾಕೋಣ ಅಂತ ಎಷ್ಟೋ ಸಲ ಕೇಳಿದ್ದೆ. "ಓಡ್ತಿದೆಯಲ್ಲ, ಈಗ್ಯಾಕೆ ಮುಟ್ತೀರಿ?" ಅನ್ನುವುದೇ ಮೇಲಿನವರ ಉತ್ತರ. ಓಡುತ್ತಿರುವಾಗಲೇ ಮುಟ್ಟಬೇಕು ಸಾರ್, ನಿಂತ ಮೇಲೆ ಮುಟ್ಟಿ ಏನು ಪ್ರಯೋಜನ?

ಡಿಸ್ಕ್‌ಟುವಿಎಚ್‌ಡಿ ಅನ್ನುವ ಟೂಲಿನಲ್ಲಿ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ತೆಗೆದು, ವಿಎಂ ಓಡಿಸುವ ವರ್ಚುವಲ್‌ಬಾಕ್ಸಿಗೆ ಹಾಕಿದೆ. ನೀಲಿ ಪರದೆ, ಕೊನೆಯಲ್ಲಿ 7ಬಿ, ಅಂದರೆ ಬೂಟ್ ಡಿಸ್ಕ್ ಸಿಗಲಿಲ್ಲ ಅನ್ನುವ ಎರರ್. ಹಳೆ ಬೋರ್ಡ್ ವಿಯಾ ಚಿಪ್‌ಸೆಟ್ಟಿನದು. ವರ್ಚುವಲ್‌ಬಾಕ್ಸ್ ತೋರಿಸುವುದು ಇಂಟೆಲ್ ಐಡಿಇ (ಡಿಸ್ಕ್ ನಡೆಸುವ ಕಂಟ್ರೋಲರ್). ತನ್ನ ಡಿಸ್ಕೇ ಎಕ್ಸ್‌ಪಿಗೆ ಸಿಗುತ್ತಿರಲಿಲ್ಲ. ಹಳೆ ಮಷಿನ್ನಿನಲ್ಲೇ ಡಿವೈಸ್ ಮ್ಯಾನೇಜರ್ ತೆಗೆದು, ಐಡಿಇ ಡ್ರೈವರನ್ನು ಎರಡು ಕಡೆಗೂ ಹೊಂದುವ ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್‌ಗೆ ಬದಲಿಸಿ, ಮತ್ತೆ ಇಮೇಜ್ ತೆಗೆಯಬೇಕು. ಅಂದರೆ ಆ ಡಿಸ್ಕ್ ಇನ್ನೊಂದು ಸಲ ಏಳಬೇಕು.

ಪವರ್ ಒತ್ತಿದೆ. ಲೋಗೋ ಬಂತು. ಕೆಳಗಿನ ನೀಲಿ ಪಟ್ಟಿ ಓಡುತ್ತಾ ಓಡುತ್ತಾ ನಿಂತಿತು. ಟಿಕ್. ಮತ್ತೆ ಓಡಿತು. ಆಪರೇಟರ್ ಅಕ್ಕ ಕುರ್ಚಿಯಿಂದ ಎದ್ದು ನನ್ನ ಪಕ್ಕ ಬಂದು ನಿಂತರು. ಹೋದ ವರ್ಷದ ತಿಥಿ, ನಕ್ಷತ್ರದ ಟೇಬಲ್ಲುಗಳ ಮೇಲೇ ಅವರು ಈ ವರ್ಷದ್ದನ್ನು ಕೂರಿಸುವುದು. ಆ ಫೈಲು ಹೋದರೆ ಪೂರ್ತಿ ಹೊಸದಾಗಿ ಕಟ್ಟಬೇಕು. ಇಬ್ಬರೂ ಮಾತಾಡಲಿಲ್ಲ. ಡೆಸ್ಕ್‌ಟಾಪ್ ಬಂದ ತಕ್ಷಣ ಡ್ರೈವರ್ ಬದಲಿಸಿದೆ. ರೀಸ್ಟಾರ್ಟ್ ಕೇಳಿತು, ಕೊಡಲಿಲ್ಲ. ಶಟ್‌ಡೌನ್ ಮಾಡಿ ಡಿಸ್ಕ್ ಬಿಚ್ಚಿ, ಬೇರೆ ಮಷಿನ್ನಿಗೆ ಸಿಕ್ಕಿಸಿ ಇಮೇಜ್ ತೆಗೆದೆ. ಈ ಸಲ ವಿಎಂ ಎದ್ದಿತು. ವಾಲ್ಯೂಮ್ ಲೈಸೆನ್ಸ್ (ಸಂಸ್ಥೆಗಳಿಗೆ ಕೊಡುವ ಲೈಸೆನ್ಸ್) ಆದ್ದರಿಂದ ಆ್ಯಕ್ಟಿವೇಷನ್ ಗಲಾಟೆಯೂ ಇರಲಿಲ್ಲ. ಡಾಂಗಲ್ ನೇರ ವಿಎಂಗೇ ಸಿಗುವಂತೆ ಯುಎಸ್‌ಬಿ ಫಿಲ್ಟರ್ ಹಾಕಿದೆ. ಕಂಟ್ರೋಲರ್ ಮಾತ್ರ ಯುಎಸ್‌ಬಿ 1.1 ಇಟ್ಟೆ, 3.0ಗೆ ಎಕ್ಸ್‌ಪಿಯಲ್ಲಿ ಡ್ರೈವರೇ ಇಲ್ಲವಲ್ಲ.

ಆಮೇಲೆ ಶುರುವಾಯಿತು, "ನೆಟ್‌ವರ್ಕ್ ಕೊಡಿ, ಅಲ್ಲಿಂದಲೇ ಪ್ರಿಂಟ್ ಕೊಡ್ತಾರೆ." ನಾನು ಒಪ್ಪಲಿಲ್ಲ. 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಗೆ ಸಪೋರ್ಟ್ ನಿಂತಿದೆ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹಬ್ಬಿದ್ದು ಎಸ್‌ಎಂಬಿ 1 ಅನ್ನುವ ಹಳೆ ಫೈಲ್ ಶೇರಿಂಗ್ ವಿಧಾನದ ತೂತಿನಿಂದ. ಫೈಲ್ ಶೇರಿಂಗಿಗೆ ಎಕ್ಸ್‌ಪಿಗೆ ಗೊತ್ತಿರುವುದೂ ಅದೊಂದೇ. ಅದಕ್ಕಾಗಿ ಇಡೀ ಆಫೀಸಿನಲ್ಲಿ ಎಸ್‌ಎಂಬಿ 1 ಆನ್ ಮಾಡಬೇಕಾ? ವಿಎಂನ ನೆಟ್‌ವರ್ಕ್ ಅಡಾಪ್ಟರನ್ನೇ ತೆಗೆದೆ. ವರ್ಚುವಲ್‌ಬಾಕ್ಸಿನ ಶೇರ್ಡ್ ಫೋಲ್ಡರ್‌ಗೆ ನೆಟ್‌ವರ್ಕ್ ಬೇಕಿಲ್ಲ. ಅಕ್ಕ ಪಿಡಿಎಫ್ ಮಾಡಿ ಅಲ್ಲಿ ಹಾಕುತ್ತಾರೆ, ಹೊರಗಿನಿಂದ ಪ್ರಿಂಟ್ ಆಗುತ್ತದೆ.

ಪಂಚಾಂಗ ಟೈಮಿಗೆ ಬಂತು. ವಿಎಂ ಫೈಲಿನ ಎರಡು ಕಾಪಿ ಬೇರೆ ಬೇರೆ ಡಿಸ್ಕಿನಲ್ಲಿದೆ. ಡಾಂಗಲ್ ಮಾತ್ರ ಒಂದೇ, ಅದಕ್ಕೆ ಕಾಪಿ ಇಲ್ಲ. ಅದು ಹೋಗುವ ಮೊದಲು ಪುಟಗಳನ್ನು ಯುನಿಕೋಡ್‌ಗೆ (ಈಗಿನ ಸಾಫ್ಟ್‌ವೇರ್‌ಗಳು ಓದುವ ಅಕ್ಷರ ಸಂಕೇತಕ್ಕೆ) ತರಬೇಕು, ಪೇಜ್‌ಮೇಕರಿಗೆ ಅದು ಬರುವುದಿಲ್ಲ. ಹಳೆ ಫಾಂಟಿನ ಪುಟ ಕನ್ವರ್ಟ್ ಮಾಡಿದರೆ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹೋಗುತ್ತವೆ, ಕೂತು ತಿದ್ದಬೇಕು. ಅದಕ್ಕೆ ಒಬ್ಬರನ್ನು ಕೊಡಿ ಅಂತ ಮತ್ತೆ ಬರೆದುಕೊಟ್ಟಿದ್ದೇನೆ.