ಬೆಟ್ಟುಗಳ ನಾಡಿನಲ್ಲಿ ಬೆಟ್ಟ ಹುಡುಕಿದ್ದು

ಹಾಸನದ ಕಡೆಯಿಂದ ಬಂದಿದ್ದ ಗೆಳೆಯನ ಮನಸ್ಸಿನಲ್ಲಿ ಕರಾವಳಿ ಎಂದರೆ ಸಮತಟ್ಟಾದ ಮರಳು ಮತ್ತು ತೆಂಗಿನ ಸಾಲು. ಮಂಗಳೂರಿನ ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು ಹತ್ತುವಷ್ಟರಲ್ಲಿ ಆ ಕಲ್ಪನೆ ಅವನ ಏದುಸಿರಿನೊಂದಿಗೇ ಹೊರಟುಹೋಯಿತು. 1837ರ ರೈತ ಬಂಡಾಯದಲ್ಲಿ ಸುಳ್ಯದ ಕಡೆಯಿಂದ ಬಂದ ದಂಡು ಮಂಗಳೂರನ್ನು ಹಿಡಿದು ಬಾವುಟ ಏರಿಸಿದ ಜಾಗವೆಂದು ಜನರು ನೆನೆಯುವ ಈ ಗುಡ್ಡೆಯನ್ನು ಈಗ ಕಾಲೇಜು, ಆಸ್ಪತ್ರೆ, ಅಂಗಡಿಗಳು ಎಷ್ಟು ಮುಚ್ಚಿವೆಯೆಂದರೆ, ಅದರ ಆಕಾರ ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ.

ಅಲ್ಲಿಂದ ಪದವಿನಂಗಡಿಯ ಮೂಲಕ ಬಜ್ಪೆಯತ್ತ ಹೊರಟೆವು. ನೆತ್ತಿ ಚಪ್ಪಟೆಯಾಗಿರುವ ಗುಡ್ಡವನ್ನು ಇಲ್ಲಿಯವರು ಪದವು ಎನ್ನುತ್ತಾರೆ. ಬದಿ ಎಷ್ಟೇ ಕಡಿದಾಗಿರಲಿ, ಮೇಲೆ ಬಂದರೆ ಮೈದಾನ. ಕುಪ್ಪೆಪದವು, ಮೇರ್ಲಪದವು, ಕುತ್ತಾರುಪದವು ಎಂದು ಮಂಗಳೂರಿನ ಸುತ್ತ ಇಂಥ ಊರುಗಳಿಗೆ ಬರವಿಲ್ಲ. 1951ರಲ್ಲಿ ಬಜ್ಪೆಯ ವಿಮಾನ ನಿಲ್ದಾಣ ಆರಂಭವಾದದ್ದೂ ಇಂಥ ಎತ್ತರದ ನೆಲದಲ್ಲಿಯೇ. ಹಿಂದೆ ಮನೆಗಳಿಗೆ ಹೊದಿಸುವ ಮುಳಿಹುಲ್ಲನ್ನು ಕೊಯ್ದು ತರುತ್ತಿದ್ದದ್ದು ಪದವುಗಳಿಂದ. ಈಗ ಅಲ್ಲಿ ಗೇರುತೋಟಗಳಿವೆ, ನಿವೇಶನಗಳ ಗಡಿಕಲ್ಲುಗಳಿವೆ.

ರಸ್ತೆ ಅಗಲಿಸಲು ಗುಡ್ಡವನ್ನು ನೇರವಾಗಿ ಕಡಿದ ಒಂದು ದರೆಯ ಮುಂದೆ ವಾಹನ ನಿಲ್ಲಿಸಿದೆವು. ಪದವಿನ ಒಳಗನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೇಲೆ ಬಿಸಿಲಿಗೆ ಕಪ್ಪಾಗಿ ಬಿಗಿದ ಮುರಕಲ್ಲು, ಅದರ ತುಂಬ ಬೆರಳು ತೂರುವಷ್ಟು ತೂತುಗಳು. ಅದರ ಕೆಳಗೆ ಕೆಂಪು, ಹಳದಿ ಬೆರೆತ ಮೆದು ಪದರ. ಬುಡದಲ್ಲಿ ಬಿಳಿಚಿಕೊಂಡ, ಮುಟ್ಟಿದರೆ ಕೈಗೆ ಹತ್ತುವ ಶೇಡಿ ಮಣ್ಣು. ಲಕ್ಷಾಂತರ ವರ್ಷಗಳ ಮಳೆ ಕಲ್ಲಿನೊಳಗಿನ ಕರಗುವ ಅಂಶವನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳನ್ನು ಉಳಿಸಿದ್ದರಿಂದ ಮುರಕಲ್ಲು ಆಯಿತು. ನೆಲದೊಳಗೆ ಮೆದುವಾಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಗುಣ ಅದಕ್ಕಿರುವುದರಿಂದಲೇ ಇಲ್ಲಿಯ ಮನೆಗಳ ಗೋಡೆಗಳು ಎದ್ದಿವೆ. ಶೇಡಿ ಮಣ್ಣಿನ ಸ್ವಭಾವ ಇದಕ್ಕೆ ತೀರ ವಿರುದ್ಧ: ನೀರು ಕುಡಿದರೆ ಅದು ಜಾರುತ್ತದೆ. ಮಳೆಗಾಲದಲ್ಲಿ ದಿನಬೆಳಗಾದರೆ ಪತ್ರಿಕೆಗಳಲ್ಲಿ ಓದುವ ದರೆ ಕುಸಿತಗಳ ಕಾರಣವನ್ನು ಬಹುಮಟ್ಟಿಗೆ ಇಲ್ಲಿ ಹುಡುಕಬೇಕು. ಬುಡವನ್ನು ನೆಟ್ಟಗೆ ಕಡಿದು ತಲೆಯ ಮೇಲೆ ಭಾರ ಹೊರಿಸಿದ ಬಳಿಕ ಮಳೆಯನ್ನು ಬೈದು ಫಲವೇನು?

ಕಟೀಲು, ಕಿನ್ನಿಗೋಳಿ ದಾಟಿ ಮೂಲ್ಕಿಯಲ್ಲಿ ಹೆದ್ದಾರಿ ಸೇರಿದೆವು. ದಾರಿಯಲ್ಲಿ ಗೆಳೆಯ, "ರಂಗನತಿಟ್ಟಿನಲ್ಲಿ ತಿಟ್ಟು ಎಂದರೆ ದಿಬ್ಬ, ಹಾಗಾದರೆ ನಿಮ್ಮ ತೆಂಕುತಿಟ್ಟು ಯಾವ ದಿಬ್ಬವಯ್ಯಾ?" ಎಂದು ಕೇಳಿದ. ಅದು ಯಕ್ಷಗಾನದ ಮಾತು ಎಂದು ತಿಳಿಸಿ, ಹೆಚ್ಚಿನ ಚರ್ಚೆಗೆ ಅವಕಾಶ ಕೊಡದೆ ಕಟಪಾಡಿಯಲ್ಲಿ ಬಲಕ್ಕೆ ತಿರುಗಿಸಿದೆ.

ಮಧ್ವಾಚಾರ್ಯರು ಹುಟ್ಟಿದ ಪಾಜಕ ಕ್ಷೇತ್ರದ ಬಳಿ, ನೆತ್ತಿಯ ಮೇಲೆ ದುರ್ಗಾ ದೇವಸ್ಥಾನವನ್ನು ಹೊತ್ತು ನಿಂತಿರುವ ಕುಂಜಾರುಗಿರಿ ಎತ್ತರದಲ್ಲಿ ದೊಡ್ಡದೇನಲ್ಲ. ಸುತ್ತಲಿನ ನೆಲ ತಗ್ಗಾಗಿರುವುದರಿಂದ ಅದಕ್ಕೆ ಗಾಂಭೀರ್ಯ ಬಂದಿದೆ. ನಮಗೆ ಹೆಚ್ಚು ಹೊತ್ತು ಹಿಡಿದದ್ದು ಗಿರಿಯಿಂದ ಇಳಿದ ಮೇಲೆ ಸಿಕ್ಕ ಗದ್ದೆಗಳಲ್ಲಿ. ಗದ್ದೆಯ ಬದುವಾದ ಕಟ್ಟಪುಣಿಯ ಮೇಲೆ ನಿಂತಿದ್ದ ಹಿರಿಯರೊಬ್ಬರನ್ನು ಗೆಳೆಯ, "ಯಜಮಾನರೇ, ಇಲ್ಲಿ ಬೆಟ್ಟ ಎಲ್ಲಿದೆ?" ಎಂದು ವಿಚಾರಿಸಿದಾಗ ಅವರು, "ಬೆಟ್ಟು ಅಲ್ವಾ? ನೀವು ನಿಂತದ್ದೇ ಬೆಟ್ಟು ಮಾರಾಯ್ರೇ. ಕೆಳಗಿನದ್ದು ಮಜಲು, ಆಚೆ ತೋಡಿನ ಹತ್ತಿರದ್ದು ಬೈಲು" ಎಂದರು. ಗೆಳೆಯ ತನ್ನ ಕಾಲಬುಡವನ್ನು ನೋಡಿಕೊಂಡ. ಬೆಟ್ಟಿಗೂ ಮಜಲಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಅಂತರ.

ಆದರೆ ಬೇಸಾಯಗಾರನಿಗೆ ಆ ಸೊಂಟದೆತ್ತರ ಸಣ್ಣದಲ್ಲ. ಬೆಟ್ಟು ಗದ್ದೆ ಮಳೆಯನ್ನೇ ನಂಬಿ ಏಣೆಲಿನ, ಅಂದರೆ ಮಳೆಗಾಲದ, ಒಂದು ಬೆಳೆ ಕೊಡುತ್ತದೆ. ಮಜಲಿನಲ್ಲಿ ಎರಡನೆಯದಾದ ಸುಗ್ಗಿಯ ಬೆಳೆಯೂ ಆಗುತ್ತದೆ. ನೀರು ನಿಲ್ಲುವ ಬೈಲಿನಲ್ಲಿ ಬೇಸಿಗೆಯ ಬೆಳೆಯಾದ ಕೊಳಕೆ ಸೇರಿ ಮೂರು ಬೆಳೆ ತೆಗೆಯಬಹುದು. ಪದವಿನ ತೂತುಗಳಲ್ಲಿ ಇಂಗಿದ ನೀರು ತಡವಾಗಿ ಬೈಲಿನ ಒರತೆಗಳಲ್ಲಿ ಹೊರಬರುವುದರಿಂದ ಮೇಲಿನ ನೆಲವನ್ನು ಕೆಡಿಸಿದರೆ ಕೆಳಗಿನ ಬಾವಿಗೆ ಅದು ತಟ್ಟದೆ ಇರುವುದಿಲ್ಲ. ಆ ಹಿರಿಯರ ಬೆಟ್ಟಿನಲ್ಲಿ ಉಳುಮೆ ನಿಂತು ಕೆಲವು ಕಾಲವಾಗಿತ್ತು. ಹುಲ್ಲಿನ ನಡುವೆ ಸಣ್ಣ ಅಡಿಕೆ ಗಿಡಗಳಿದ್ದವು.

ಉಡುಪಿಯ ಕುಂಜಿಬೆಟ್ಟಿನಲ್ಲಿ ಊಟ ಮುಗಿಸಿದೆವು. ಮೂಡುಬೆಟ್ಟು, ಬಡಗುಬೆಟ್ಟು ಎಂದು ಹೆಸರಿನಲ್ಲಿ ಗದ್ದೆಗಳನ್ನು ಉಳಿಸಿಕೊಂಡ ಊರುಗಳು ಈ ಸುತ್ತಿನಲ್ಲಿ ಹಲವು. ಮಣಿಪಾಲವನ್ನು ಬೇಗನೆ ದಾಟಿದೆವು. 1953ರಲ್ಲಿ ವೈದ್ಯಕೀಯ ಕಾಲೇಜು ಬರುವವರೆಗೆ ಅದೂ ಬರಿಯ ಮುರಕಲ್ಲಿನ ಗುಡ್ಡವೇ. ಈಗ ಕಲ್ಲು ಕಾಣಬೇಕಾದರೆ ಹುಡುಕಬೇಕು.

ಗೆಳೆಯನಿಗೆ ಬೇಕಾದ ಬೆಟ್ಟ ಸಿಕ್ಕಿದ್ದು ಕಾರ್ಕಳದಲ್ಲಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನಿರುವ ಆ ಬಂಡೆಯ ಬೆನ್ನು ಪದವಿನ ಹಾಗೆ ಚಪ್ಪಟೆಯಲ್ಲ. ಮಳೆನೀರನ್ನು ಕುಡಿಯದೆ ಜಾರಿಸಿಬಿಡುವ ಗಟ್ಟಿ ಕಲ್ಲು. ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬಾಲ್ಯದಿಂದ ಹತ್ತಿದವನು ಮೆಟ್ಟಿಲುಗಳನ್ನು ಸಲೀಸಾಗಿ ಏರಿ, "ಇದಕ್ಕೆ ಬೆಟ್ಟ ಎನ್ನಬಹುದು" ಎಂದು ತೀರ್ಪು ಕೊಟ್ಟ. ಎದುರಿನ ಸಣ್ಣ ಗುಡ್ಡದ ಮೇಲಿನ ಚತುರ್ಮುಖ ಬಸದಿಯನ್ನೂ ನೋಡಬೇಕಿತ್ತು. ಬಾಗಿಲು ಹಾಕುವ ಹೊತ್ತಾಗುತ್ತಿದ್ದುದರಿಂದ ಬೇಗಬೇಗನೆ ಇಳಿದೆವು.